ಒಡೆಯದ ಗೋಲಿಗಳು

ಪಾಲಿಥೀನ್ ಚೀಲದೊಳಗಿದ್ದ ಗಂಬೂಟು ಮೇಜಿಗೆ ಬಡಿದ ರಭಸಕ್ಕೆ ಇನ್ಸ್‌ಪೆಕ್ಟರರ ಲೋಟ ಕುಣಿದು, ಅರ್ಧ ಟೀ ಕಡತದ ಮೇಲೆ ಚೆಲ್ಲಿತು.

"ಏನಮ್ಮಾ ಇದು, ಟೀ ಕುಡೀತಿದೀನಿ ನಾನು."

"ಕುಡೀರಿ. ಮೂರು ದಿನದಿಂದ ಅದೊಂದು ಕೆಲಸವನ್ನ ನೀವು ನೆಟ್ಟಗೆ ಮಾಡ್ತಿದೀರಿ."

ಡಾಕ್ಟರಮ್ಮ ಕುರ್ಚಿ ಎಳೆದುಕೊಳ್ಳಲಿಲ್ಲ. ಹದಿನೆಂಟು ವರ್ಷದಿಂದ ಊರಿನ ಪಶುರೋಗ ಪ್ರಯೋಗಾಲಯ ನಡೆಸುತ್ತಿದ್ದ ಆಕೆಯ ಸಿಟ್ಟು ಸದಾ ಮೂಗಿನ ತುದಿಯಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಭಾನುವಾರದಿಂದ ಅದು ಮೂಗು ಬಿಟ್ಟು ಎದೆಗಿಳಿದಿತ್ತು. ಆ ಬೆಳಗ್ಗೆ ಹತ್ತಕ್ಕೆ ಕೋಳಿ ಲಸಿಕೆ ಸಂಸ್ಥೆಯ ಮೂರನೇ ಶೆಡ್ಡಿನಲ್ಲಿ, ನೀರಿನ ತೊಟ್ಟಿಗೆ ಹತ್ತುವ ಏಣಿಯ ಬುಡದಲ್ಲಿ ತಲೆ ಒಡೆದು ಬಿದ್ದಿದ್ದವನು ಆಕೆಯ ಅಕ್ಕನ ಒಬ್ಬನೇ ಮಗ.

ಸಂಸ್ಥೆಯಲ್ಲಿ ಅವನಿಗೆ ಎಣಿಕೆರಾಯ ಎಂದೇ ಹೆಸರು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಪರೋಪಜೀವಿಗಳನ್ನು ಎಣಿಸುವುದು ಅವನ ಉದ್ಯೋಗ. ಮನೆಗೆ ಹೋಗುವಾಗ ಮೆಟ್ಟಿಲು ಎಣಿಸುವುದು ಚಟ.

ಶನಿವಾರ ರಾತ್ರಿ ಎಂಟರಿಂದ ಹನ್ನೆರಡರೊಳಗೆ ಸತ್ತಿದ್ದಾನೆ ಎಂದು ಶವಪರೀಕ್ಷೆಯ ವರದಿ ಹೇಳಿತು. ಶನಿವಾರ ಸಂಸ್ಥೆಗೆ ರಜೆ. ಉಳಿದ ಶೆಡ್ಡುಗಳ ಕೋಳಿಗಳಿಗೆ ನೀರು, ಮೇವು ಹಾಕಲು ಬಂದಿದ್ದವನು, ಎಲ್ಲರೂ ಶೆಡ್ಡಿನ ಅಣ್ಣ ಎಂದು ಕರೆಯುವ ಆಳು ಒಬ್ಬನೇ. ಅವನನ್ನು ಹಿಡಿದು ತರಲು ಪೊಲೀಸರಿಗೆ ಅಷ್ಟು ಸಾಕಾಯಿತು.

"ಇದು ಯಾರ ಬೂಟು, ಹೇಳಿ."

"ನಿಮ್ಮ ಅಕ್ಕನ ಮಗಂದು. ಬಲಗಾಲಿಂದು. ಸೀಲ್ ಮೇಲೆ ನನ್ನ ಸಹಿನೇ ಇದೆಯಲ್ಲ."

"ಎಡಗಾಲಿನ ಬೂಟಿಗೆ ಮೆತ್ತಿದ್ದ ಹಿಕ್ಕೇನ ಭಾನುವಾರ ಮಧ್ಯಾಹ್ನ ನಿಮ್ಮೆದುರೇ ಕೆರೆದು ತಗೊಂಡೆ. ನೆನಪಿದೆಯಾ?"

"ಹೇಗೆ ಮರೀಲಿ? ಆವತ್ತೂ ಬೈದ್ರಿ."

ಡಾಕ್ಟರಮ್ಮ ಇನ್ಸ್‌ಪೆಕ್ಟರರ ಪೆನ್ನನ್ನೇ ಕಿತ್ತುಕೊಂಡು, ಟೀ ಬಿದ್ದ ಕಡತದ ರಟ್ಟಿನ ಮೇಲೆ ಒಂದು ವೃತ್ತ ಬರೆದಳು. ಅದರೊಳಗೆ ಒಂದು ಚುಕ್ಕಿ.

"ಕೋಳಿಗೆ ರಕ್ತಭೇದಿ ಬರುತ್ತಲ್ಲ, ಆ ರೋಗದ ಪರೋಪಜೀವಿ ಹಿಕ್ಕೆಯ ಜೊತೆ ಹೊರಗೆ ಬರೋದು ಹೀಗೆ. ಗೋಲಿ ಅಂದ್ಕೊಳ್ಳಿ. ಬರಿಗಣ್ಣಿಗೆ ಕಾಣಲ್ಲ. ಹೊರಗೆ ಬಿದ್ದಾಗ ಚಿಪ್ಪಿನೊಳಗೆ ಒಂದೇ ಉಂಡೆ. ಈಗಿನ ಸೆಕೆ ಇದೆಯಲ್ಲ, ಇದರಲ್ಲಿ ಒಂದಿಷ್ಟು ತೇವ, ಒಂದಿಷ್ಟು ಗಾಳಿ ಸಿಕ್ಕರೆ ಒಂದೇ ದಿನದಲ್ಲಿ ಆ ಉಂಡೆ ನಾಲ್ಕಾಗಿ ಒಡೆಯುತ್ತೆ. ಎರಡನೇ ದಿನಕ್ಕೆ ಆ ನಾಲ್ಕರೊಳಗೂ ಎರಡೆರಡು ಮರಿ. ಹಾಗೆ ಒಡೆದ ಮೇಲೇ ಅದು ಇನ್ನೊಂದು ಕೋಳಿಗೆ ರೋಗ ಹಚ್ಚೋದು. ಒಡೆಯದೇ ಇದ್ದರೆ ಅದರ ಕೈಲಿ ಏನೂ ಆಗಲ್ಲ."

"ಸರಿ. ಪಾಠ ಆಯ್ತಾ?"

"ಇಲ್ಲ. ರೋಗದ ಕೋಳಿ ಇದ್ದದ್ದು ಮೂರನೇ ಶೆಡ್ಡಿನಲ್ಲಿ ಮಾತ್ರ. ಅವನ್ನೆಲ್ಲ ಶುಕ್ರವಾರ ಸಂಜೆ ಐದಕ್ಕೆ ಲಾರಿಗೆ ತುಂಬಿ, ಊರಾಚೆ ಒಯ್ದು ಸುಟ್ಟುಹಾಕಿದ್ರು. ಆಮೇಲೆ ಆ ಶೆಡ್ಡಿನಲ್ಲಿ ಹಿಕ್ಕೆ ಹಾಕೋಕೆ ಒಂದು ಕೋಳಿಯೂ ಇಲ್ಲ. ಅಂದ್ರೆ ಈ ಬೂಟಿಗೆ ಮೆತ್ತಿರೋದು ಶುಕ್ರವಾರದ್ದೇ. ಭಾನುವಾರ ಮಧ್ಯಾಹ್ನಕ್ಕೆ ಎರಡು ದಿನ ತುಂಬುತ್ತಾ ಬಂತು. ನಾನು ಐನೂರು ಗೋಲಿ ನೋಡಿದೆ. ಒಂದೂ ಒಡೆದಿಲ್ಲ."

ಇನ್ಸ್‌ಪೆಕ್ಟರ್ ಲೋಟವನ್ನು ಪಕ್ಕಕ್ಕಿಟ್ಟರು.

"ಸತ್ತುಹೋಗಿರಬಹುದು."

"ಹಾಗಂತೀರಿ ಅಂತ ಗೊತ್ತಿತ್ತು. ಅರ್ಧವನ್ನ ನೀರಿನ ತಟ್ಟೆಗೆ ಹಾಕಿ ಬೆಚ್ಚಗಿಟ್ಟೆ. ನಿನ್ನೆ ನೋಡಿದ್ರೆ ನೂರಕ್ಕೆ ತೊಂಬತ್ತು ಗೋಲಿ ನಾಲ್ಕಾಗಿ ಒಡೆದು ಕೂತಿದ್ವು. ಸತ್ತಿರಲಿಲ್ಲ ಸ್ವಾಮಿ. ನಿಂತಿದ್ವು. ಅವು ನಿಲ್ಲೋದು ಚಳಿಗೆ. ಈ ಬೂಟು ಎರಡು ದಿನ ಶೆಡ್ಡಿನ ಸೆಕೆಯಲ್ಲಿ ಇರಲಿಲ್ಲ. ಎಲ್ಲೋ ತಣ್ಣಗೆ ಇತ್ತು. ಬೂಟು ಇದ್ದ ಕಡೆ ಕಾಲೂ ಇತ್ತು. ಕಾಲಿದ್ದ ಕಡೆ ನಮ್ಮ ಹುಡುಗನೂ ಇದ್ದ."



"ಸಂಸ್ಥೆಯಲ್ಲಿ ಲಸಿಕೆ ಇಡೋಕೆ ಶೀತಕೋಣೆ ಇದೆ," ಎಂದರು ಇನ್ಸ್‌ಪೆಕ್ಟರ್, ನಿಧಾನವಾಗಿ.

"ನಾಲ್ಕು ಡಿಗ್ರಿ. ಹಗಲೂ ರಾತ್ರಿ. ಚಳಿಯಲ್ಲಿಟ್ಟ ದೇಹ ನೋಡಿದ ನಿಮ್ಮ ಡಾಕ್ಟರು, ಶುಕ್ರವಾರ ಸತ್ತವನನ್ನ ಶನಿವಾರ ಸತ್ತ ಅಂದ್ರು. ಎತ್ತು ಈಯಿತು ಅಂದ ತಕ್ಷಣ ನೀವು ಕರು ಕಟ್ಟೋಕೆ ಹಗ್ಗ ಹುಡುಕಿದ್ರಿ. ಶನಿವಾರ ಅಂದ್ರೆ ಶೆಡ್ಡಿನ ಅಣ್ಣ. ಕಂಡವರ ಮೇಲೆ ಗೂಬೆ ಕೂರಿಸೋದು ಎಷ್ಟು ಸಲೀಸು ನಿಮಗೆ. ಬಂಧಿಸಿಲ್ಲ, ವಿಚಾರಣೆ ಅಂತೀರಿ. ಮೂರು ದಿನ ಮನೆಗೂ ಬಿಡಲ್ಲ. ಅವನ ತುಟಿ ಹೇಗೆ ಒಡೀತು? ಅದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡ್ಬೇಕಾ ನಾನು?"

"ನೀವು ಸತ್ತವನ ಚಿಕ್ಕಮ್ಮ. ನಿಮ್ಮ ಮಾತು ಕೋರ್ಟಿನಲ್ಲಿ—"

"ಅದಕ್ಕೇ ಬಲಗಾಲಿನ ಬೂಟನ್ನ ಸೀಲ್ ಒಡೆಯದೆ ತಂದಿದೀನಿ. ಇನ್ನೊಂದು ಊರಿನ ಲ್ಯಾಬಿಗೆ ಕಳಿಸಿ. ನನ್ನ ಸಂಬಂಧಿಕರು ಯಾರೂ ಇಲ್ಲದ ಊರಿಗೆ. ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಿ, ಬಿಸಿಲಲ್ಲಿ ಒಣಗಿಸ್ಬೇಡಿ."

ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯನಲ್ಲ, ಸೋಮಾರಿ. ಸೋಮಾರಿಗಳಿಗೆ ನಾಚಿಕೆಯಾದಾಗ ಕೆಲಸ ಬೇಗ ಆಗುತ್ತದೆ. ಹತ್ತು ನಿಮಿಷದಲ್ಲಿ ಕಾಗದ ಸಿದ್ಧವಾಯಿತು. ಜವಾಬ್ದಾರಿ ಹೊರುವವರ ಸಹಿ ಎಂದಿದ್ದ ಜಾಗದಲ್ಲಿ ಡಾಕ್ಟರಮ್ಮ ಕಾಗದ ಹರಿಯುವ ಹಾಗೆ ಸಹಿ ಒತ್ತಿದಳು.

ಶೆಡ್ಡಿನ ಅಣ್ಣ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಐವತ್ತು ದಾಟಿದ ಆಳು. ಕೋಳಿ ಕುಕ್ಕಿ ಕುಕ್ಕಿ ಗಾಯದ ಗುರುತು ತುಂಬಿದ ಕೈಗಳು. ಕೆಳತುಟಿ ಊದಿಕೊಂಡಿತ್ತು.

"ಏಳಣ್ಣಾ. ಮನೆಗೆ ಹೋಗು."

ಅವನು ಏಳಲಿಲ್ಲ.

"ನನ್ನನ್ನ ಬಿಡಿಸ್ಬೇಡಿ ಅಮ್ಮಾ. ಇಲ್ಲೇ ಇರ್ತೀನಿ ಬಿಡಿ."

"ಏನು ಮಾತು ಅಂತ ಆಡ್ತೀಯ? ತಪ್ಪು ಮಾಡದವನು ಯಾಕೆ ಇಲ್ಲಿ ಕೊಳೀಬೇಕು?"

ಅವನು ಆಕೆಯ ಮುಖ ನೋಡಲಿಲ್ಲ. ಕೈ ಮುಗಿದ. ಮೂರು ದಿನದ ಹೊಡೆತ ಒಬ್ಬ ಮನುಷ್ಯನನ್ನು ಹೀಗೂ ಮಾಡಬಲ್ಲದೇ ಎಂದು ಡಾಕ್ಟರಮ್ಮನ ಹೊಟ್ಟೆ ಉರಿಯಿತು. ಅವನ ರಟ್ಟೆ ಹಿಡಿದು ತಾನೇ ಎಬ್ಬಿಸಿ, ಹೊರಗಿನ ಬೆಂಚಿನ ಮೇಲೆ ಕೂರಿಸಿ, ಪೇದೆಗೆ ಹೇಳಿದಳು: "ನೀರು ಕೊಡು ಇವನಿಗೆ. ಕೈ ಸೋತುಹೋಗಲ್ಲ."

ಜೀಪು ಹತ್ತುವಷ್ಟರಲ್ಲಿ ಅಕ್ಕನ ಫೋನು ಬಂತು.

"ಬಿಟ್ರಾ ಆ ಮನುಷ್ಯನ್ನ?"

"ಬಿಟ್ರು ಅಕ್ಕಾ. ಸ್ಟೇಷನ್ನಿನ ಹೊರಗೆ ಕೂತಿದ್ದಾನೆ."

"ಒಳ್ಳೇದಾಯ್ತು. ನನ್ನ ಮಗ ಡಬ್ಬಿ ಮರೆತ ದಿನವೆಲ್ಲ ತನ್ನ ಡಬ್ಬಿಯ ಊಟ ಹಂಚಿದವನು ಅವನು. ಅವನನ್ನ ಹೊಡೆದ್ರಂತಲ್ಲ, ಆ ಪಾಪ ನಮ್ಮ ಮನೆಗೆ ಬೇಡ. ಎರಡು ದಿನ ಎಲ್ಲಿದ್ದ ನನ್ನ ಮಗ, ಗೊತ್ತಾಯ್ತಾ?"

"ಗೊತ್ತಾಗುತ್ತೆ. ಈಗ ಅಲ್ಲಿಗೇ ಹೋಗ್ತಿದೀನಿ."

"ಮೇಷ್ಟ್ರ ಹತ್ರನಾ? ಸಿಟ್ಟು ಮಾಡ್ಕೋಬೇಡ್ವೇ. ದೊಡ್ಡೋರು."

ಡಾಕ್ಟರಮ್ಮ ಫೋನಿಟ್ಟಳು. ಮೇಷ್ಟ್ರು ಎಂದರೆ ಲಸಿಕೆ ಸಂಸ್ಥೆಯ ನಿರ್ದೇಶಕರು. ಇಪ್ಪತ್ತೈದು ವರ್ಷದ ಹಿಂದೆ ಆಕೆಗೆ ಮೈಕ್ರೋಸ್ಕೋಪು ಹಿಡಿಯಲು ಕಲಿಸಿದವರು. ಅಕ್ಕನ ಮಗನನ್ನು ಕೈ ಹಿಡಿದು ಕರೆದೊಯ್ದು, ನಿಮ್ಮ ಕೈಲಿ ಬೆಳೆಯಲಿ ಸರ್ ಎಂದು ಅವರ ಮುಂದೆ ನಿಲ್ಲಿಸಿದವಳು ಆಕೆಯೇ.

"ಶೀತಕೋಣೆಯ ವಿಷಯ ಸರಿ," ಇನ್ಸ್‌ಪೆಕ್ಟರ್ ಗೇರು ಬದಲಿಸುತ್ತ ಕೇಳಿದರು. "ಆದ್ರೆ ಕೊಲ್ಲೋಕೆ ಕಾರಣ ಬೇಕಲ್ಲ. ಇಪ್ಪತ್ತಾರು ವರ್ಷದ ಹುಡುಗ ಯಾರಿಗೆ ಏನು ಮಾಡಿದ್ದ?"

"ಎಣಿಸಿದ್ದ."

"ಅಂದ್ರೆ?"

"ಮೇಷ್ಟ್ರ ಲಸಿಕೆ ಅಂದ್ರೆ ಔಷಧ ಅಲ್ಲ. ಅದೇ ಪರೋಪಜೀವಿಯ ಸಾಧು ತಳಿ. ಕಾಡು ತಳಿ ಕೋಳಿಯ ಕರುಳು ಹೊಕ್ಕರೆ ಒಂದೊಂದು ಮರಿಯೂ ನೂರಾರು ಚೂರಾಗಿ ಸಿಡಿಯುತ್ತೆ. ಆ ಚೂರುಗಳು ಪಕ್ಕದ ಜೀವಕೋಶಗಳಿಗೆ ನುಗ್ಗಿ ಮತ್ತೆ ಸಿಡೀತವೆ. ಹೀಗೆ ಮೂರು ಸುತ್ತು. ಅಷ್ಟರಲ್ಲಿ ಕರುಳು ಜರಡಿ. ಸಾಧು ತಳಿಗೆ ಎರಡೇ ಸುತ್ತಿಗೆ ಕಸುವು ಮುಗಿಯುತ್ತೆ. ಕೋಳಿ ಒಂದು ದಿನ ಮಂಕಾಗಿ ಕೂತು, ಆಮೇಲೆ ರೋಗಾನ ತಡೆಯೋದು ಕಲಿಯುತ್ತೆ. ಆ ತಳಿ ಆರಿಸೋಕೆ ಮೇಷ್ಟ್ರು ಇಪ್ಪತ್ತು ವರ್ಷ ಸವೆಸಿದಾರೆ. ಅವರ ಹೆಸರು ನಿಂತಿರೋದೇ ಅದರ ಮೇಲೆ."

"ಹುಂ."

"ಗುರುವಾರ ನಮ್ಮ ಹುಡುಗ ಫೋನ್ ಮಾಡಿದ್ದ. ‘ಚಿಕ್ಕಮ್ಮಾ, ಮೂರನೇ ಶೆಡ್ಡಿನ ಕೋಳಿಗೆ ನಮ್ಮದೇ ಲಸಿಕೆ ಕುಡಿಸಿ, ದಿನಾ ಎರಡೆರಡು ಕೊಯ್ದು ಕರುಳು ನೋಡ್ತಿದೀನಿ. ಎರಡು ಸುತ್ತಿಗೆ ನಿಲ್ಲಬೇಕಾದ್ದು ಮೂರನೇ ಸುತ್ತೂ ಒಡೀತಿದೆ. ಸೀಸೆಗಳಿಗೆ ಕಾಡು ತಳಿ ಸೇರ್ಕೊಂಡಿದೆ’ ಅಂದ. ಮನೆ ಹಿಂದೆ ಇಪ್ಪತ್ತು ಮೂವತ್ತು ಕೋಳಿ ಇಟ್ಕೊಂಡಿರೋ ಹೆಂಗಸರು ಆ ಸೀಸೆ ಒಯ್ದು, ಕೋಳಿಗೆ ಒಳ್ಳೇದು ಅಂತ ಕೈಯಾರೆ ರೋಗ ಕುಡಿಸ್ತಿದಾರೆ ಇನ್ಸ್‌ಪೆಕ್ಟರೇ. ನಾಲ್ಕು ತಿಂಗಳಿಂದ ನನ್ನ ಲ್ಯಾಬಿಗೆ ಚೀಲದಲ್ಲಿ ಸತ್ತ ಕೋಳಿ ತರ್ತಿದಾರೆ. ನಾನು ಅವರಿಗೇ ಬೈದೆ. ಗೂಡು ಗಲೀಜಾಗಿ ಇಟ್ಕೊಂಡಿದೀರಿ ಅಂತ."

ಆಕೆ ಕಿಟಕಿಯ ಕಡೆ ತಿರುಗಿದಳು. ಮುಂದಿನ ಮಾತು ಹಲ್ಲಿನ ನಡುವಿನಿಂದ ಬಂತು.

"ಶುಕ್ರವಾರ ಮೇಷ್ಟ್ರಿಗೆ ಹೇಳ್ತೀನಿ ಅಂದ. ಹೇಳು, ಅವರು ಸರಿಮಾಡ್ತಾರೆ ಅಂತ ಅಂದವಳು ನಾನೇ."

ಸಂಸ್ಥೆಯ ಗೇಟಿನಲ್ಲಿ ಇಳಿದ ಇನ್ಸ್‌ಪೆಕ್ಟರ್ ಶೀತಕೋಣೆಯ ಕಡೆ ಹೋದರು. ಒಂದು ವಸ್ತು ಹುಡುಕಬೇಕು ಎಂದು ಆಕೆ ದಾರಿಯಲ್ಲೇ ಹೇಳಿದ್ದಳು. ಡಾಕ್ಟರಮ್ಮ ನೆಟ್ಟಗೆ ನಿರ್ದೇಶಕರ ಕೋಣೆಗೆ ನಡೆದಳು. ಬಾಗಿಲು ತಟ್ಟಲಿಲ್ಲ.

"ಬಾ ಮಗೂ," ಎಂದರು ಮೇಷ್ಟ್ರು. ಅರವತ್ತರ ಆಚೀಚೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುತ್ತಿದ್ದ ಮೆಲುದನಿ. "ಅಕ್ಕ ಹೇಗಿದ್ದಾಳೆ?"

ಅವರ ತಲೆಯ ಹಿಂದೆ ಗೋಡೆಯ ಮೇಲೆ ಗಾಜು ಹಾಕಿದ ದೊಡ್ಡ ಚಿತ್ರವಿತ್ತು. ಒಂದು ಗೋಲಿ, ನಾಲ್ಕಾದ ಗೋಲಿ, ಎಂಟು ಮರಿ, ಕರುಳಿನ ಗೋಡೆಯೊಳಗೆ ಸಿಡಿಯುವ ಮೂರು ಸುತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಡಾಕ್ಟರಮ್ಮ ಒಂದು ಬೇಸಗೆ ಪೂರ್ತಿ ಕೂತು ಬರೆದ ಚಿತ್ರ. ಕೆಳಗೆ ಮೇಷ್ಟ್ರ ಸಹಿ. ಅಷ್ಟು ವರ್ಷ ಅದನ್ನು ನೋಡಿ ಆಕೆಗೆ ಹೆಮ್ಮೆಯಾಗುತ್ತಿತ್ತು. ಇವತ್ತು ಕೈ ತುರಿಸಿತು.

"ಶುಕ್ರವಾರ ಸಂಜೆ ನಮ್ಮ ಹುಡುಗ ನಿಮ್ಮ ಹತ್ರ ಬಂದಿದ್ನಾ?"

"ಬಂದಿರಬಹುದು. ಎಂಟರ ರೈಲಿಗೆ ಹೊರಡೋ ಗಡಿಬಿಡಿ ನನಗೆ. ಶನಿವಾರ ಬೆಳಗ್ಗೆ ಸಮ್ಮೇಳನದಲ್ಲಿ ನನ್ನ ಭಾಷಣ ಇತ್ತು. ಭಾನುವಾರ ಮಧ್ಯಾಹ್ನ ಸುದ್ದಿ ಕೇಳಿ ಓಡಿ ಬಂದೆ. ಎಲ್ಲ ನಿನಗೆ ಗೊತ್ತಿರೋದೇ."

"ಶನಿವಾರದ್ದು ನಾನು ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ದುಃಖದಲ್ಲಿದ್ದೀಯ. ಕೂತ್ಕೋ."

ಕೂರದೆಯೇ ಆಕೆ ಬೂಟಿನ ಕಥೆ ಹೇಳಿದಳು. ಮೇಷ್ಟ್ರು ಪರೀಕ್ಷೆಯ ಉತ್ತರ ಕೇಳುವವರ ಹಾಗೆ ತಲೆಯಾಡಿಸುತ್ತ ಕೇಳಿದರು.

"ಚೆನ್ನಾಗಿ ನೋಡಿದ್ದೀಯ. ಆದ್ರೆ ಒಂದು ಮರೆತೆ. ಬೂಟಿನ ಅಟ್ಟೆಯ ಗೀರುಗಳಲ್ಲಿ ಹಿಕ್ಕೆ ದಪ್ಪಗೆ ಒತ್ತಿಕೊಂಡಿರುತ್ತೆ. ಗಾಳಿ ಆಡಲ್ಲ. ಗಾಳಿ ಇಲ್ಲದೆ ಗೋಲಿ ಒಡೆಯಲ್ಲ. ಮೊದಲ ವರ್ಷದ ಪಾಠ ಇದು."

"ಅಟ್ಟೆಯಿಂದ ತೆಗೀಲಿಲ್ಲ ನಾನು. ಮೇಲ್ಭಾಗಕ್ಕೆ ಸಿಡಿದು ಅಂಟಿದ್ದ ತೆಳು ಪದರದಿಂದ ತೆಗೆದೆ. ಹಾಳೆಯಷ್ಟು ತೆಳು. ಪಕ್ಕದಲ್ಲೇ ನೆಲಕ್ಕೆ ಹಾಸಿದ್ದ ಹೊಟ್ಟನ್ನೂ ತಗೊಂಡೆ. ಬೂಟಿಗೂ ಅದಕ್ಕೂ ಗೇಣು ಅಂತರ. ಅದರಲ್ಲಿರೋ ಗೋಲಿಗಳೆಲ್ಲ ಒಡೆದಿವೆ. ಒಂದೇ ಕೋಳಿಗಳದ್ದು, ಒಂದೇ ಸೆಕೆ, ಒಂದೇ ಗಾಳಿ. ಬೂಟಿನದ್ದು ಮಾತ್ರ ಯಾಕೆ ನಿಂತಿತು ಮೇಷ್ಟ್ರೇ?"

"ಬೂಟುಗಳು ಮೂರು ದಿನ ನಿನ್ನ ಲ್ಯಾಬಿನ ಫ್ರಿಜ್ಜಿನಲ್ಲಿದ್ದವು. ನಿನ್ನ ಫ್ರಿಜ್ಜಿನ ಚಳಿಯನ್ನ ನನ್ನ ಶೀತಕೋಣೆಯ ತಲೆಗೆ ಕಟ್ಟಿದರೆ ಯಾವ ನ್ಯಾಯಾಧೀಶ ಒಪ್ತಾನೆ?"

"ಫ್ರಿಜ್ಜಿಗೆ ಹೋಗೋ ಮುಂಚೆಯೇ, ಭಾನುವಾರ ಮಧ್ಯಾಹ್ನ ಎರಡಕ್ಕೆ, ಇನ್ಸ್‌ಪೆಕ್ಟರನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಫೋಟೋ ತೆಗೆದೆ. ನನಗೆ ಆಗ ಬೇಕಿದ್ದದ್ದು ತಳಿ ಯಾವುದು ಅಂತ. ಹುಡುಗ ಹೇಳಿದ್ದು ನಿಜವಾ ಅಂತ ನೋಡೋಕೆ. ಅದೂ ಗೊತ್ತಾಯ್ತು. ನಿಮ್ಮ ಸಾಧು ತಳಿ ಅಲ್ಲ ಅದು."

ಮೊದಲ ಬಾರಿಗೆ ಮೇಷ್ಟ್ರ ಬೆರಳು ಕನ್ನಡಕದ ಮೇಲೆ ನಿಂತಿತು.

"ಪರೀಕ್ಷೆ ಮುಗಿದಿರಲಿಲ್ಲ," ಡಾಕ್ಟರಮ್ಮ ಮೇಜಿನ ಮೇಲೆ ಎರಡೂ ಕೈ ಊರಿದಳು. "ಇನ್ನೂ ನಾಲ್ಕು ದಿನ ಎಣಿಸೋದಿತ್ತು. ಶುಕ್ರವಾರ ಸಂಜೆ ಅಷ್ಟು ಕೋಳಿಗಳನ್ನ ಯಾಕೆ ಸುಡಿಸಿದ್ರಿ?"

"ರೋಗ ಹರಡಬಾರದು ಅಂತ."

"ಸುದ್ದಿ ಹರಡಬಾರದು ಅಂತ."

"ದನಿ ತಗ್ಗಿಸು."

"ಇಪ್ಪತ್ತೈದು ವರ್ಷ ತಗ್ಗಿಸಿದೀನಿ. ಎಂಥ ಹುಡುಗ ಗೊತ್ತಾ ಅವನು? ತಪ್ಪು ಕಂಡ್ರೆ ಪತ್ರಿಕೆಗೆ ಬರೀಲಿಲ್ಲ, ಮೇಲಿನವರಿಗೆ ದೂರು ಕೊಡ್ಲಿಲ್ಲ. ಮೊದಲು ನಿಮ್ಮ ಹತ್ರ ಬಂದ. ನೀವು ತಿದ್ದಿಕೋತೀರಿ ಅಂತ. ಆ ನಂಬಿಕೆ ಅವನ ತಲೇಲಿ ಇಟ್ಟವಳು ನಾನು. ಅದಕ್ಕೆ ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ."

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ಕೈಯಲ್ಲಿ ತಟ್ಟೆಯಗಲದ ದುಂಡನೆ ಕಾಗದ. ಶೀತಕೋಣೆಯ ಹೊರಗೋಡೆಯ ಯಂತ್ರದಲ್ಲಿ ಒಂದು ಮುಳ್ಳು ವಾರಪೂರ್ತಿ ಅದರ ಮೇಲೆ ಕೆಂಪು ಗೆರೆ ಎಳೆಯುತ್ತದೆ: ಕೋಣೆ ತಣ್ಣಗಿದ್ದರೆ ಗೆರೆ ನೇರ, ಬಾಗಿಲು ತೆರೆದರೆ ಗೆರೆ ಏರುತ್ತದೆ. ಸೋಮವಾರ ಬದಲಿಸಿದ ಹಳೆಯ ಕಾಗದ ಅಲ್ಲೇ ತಗಡಿನ ಡಬ್ಬಿಯಲ್ಲಿ ಸಿಕ್ಕಿತ್ತು.

"ಶುಕ್ರವಾರ ಆರೂ ಮುಕ್ಕಾಲಿಗೆ ಒಂದು ಸಲ ಏರಿದೆ," ಎಂದರು ಇನ್ಸ್‌ಪೆಕ್ಟರ್. ಅವರ ದನಿಯಲ್ಲಿ ಬೆಳಗಿನ ಸೋಮಾರಿತನ ಇರಲಿಲ್ಲ. "ಶನಿವಾರ ಪೂರ್ತಿ ನೇರ. ಆಮೇಲೆ ಭಾನುವಾರ ಬೆಳಗಿನ ಜಾವ ಐದಕ್ಕೆ ಇನ್ನೊಂದು ಸಲ. ಬಹಳ ಹೊತ್ತು ತೆರೆದಿತ್ತು."

ಮೇಷ್ಟ್ರು ಕಾಗದವನ್ನು ನೋಡಿದರು. ಆಮೇಲೆ, ಡಾಕ್ಟರಮ್ಮ ನಿರೀಕ್ಷಿಸದಿದ್ದ ಒಂದು ಸಂಗತಿ ನಡೆಯಿತು. ಅವರ ಹೆಗಲು ಸಡಿಲಾಯಿತು.

"ಭಾನುವಾರ ಬೆಳಗಿನ ಜಾವ ನಾನು ಇಲ್ಲಿಂದ ಮುನ್ನೂರು ಮೈಲಿ ದೂರದ ಹೋಟೆಲಿನಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಇಬ್ಬರು ಪ್ರೊಫೆಸರುಗಳಿದ್ದರು. ಐದಕ್ಕೆ ಬಾಗಿಲು ತೆಗೆದವರು ಯಾರು ಅಂತ ಹುಡುಕಿ. ಸಿಕ್ಕಿದ ಮೇಲೆ ನನ್ನ ಹತ್ರ ಬನ್ನಿ."

"ನಡೀರಿ ಅಲ್ಲಿಗೆ," ಎಂದಳು ಡಾಕ್ಟರಮ್ಮ. "ನೀವೂ ಬನ್ನಿ."

ಶೀತಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ದಪ್ಪ ಉಕ್ಕಿನ ಬಾಗಿಲಿಗೆ ಬೀಗವಿಲ್ಲ. ಹೊರಗಿನ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಚಿಕ್ಕ ಮಗುವೂ ತೆರೆಯಬಹುದು. ಒಳಹೊಕ್ಕ ಇನ್ಸ್‌ಪೆಕ್ಟರ್ ತಿರುಗಿ ಬಾಗಿಲ ಒಳಮೈ ನೋಡಿ ಗಕ್ಕನೆ ನಿಂತರು. ಹಿಡಿ ಇರಬೇಕಾದ ಕಡೆ ನಾಲ್ಕು ತೂತುಗಳಿದ್ದವು. ತಿರುಪು ಬಿಚ್ಚಿದ ಅಂಚು ಇನ್ನೂ ಹೊಳೆಯುತ್ತಿತ್ತು.

"ರಿಪೇರಿಗೆ ಕೊಟ್ಟಿದ್ದು," ಎಂದರು ಮೇಷ್ಟ್ರು, ಹೊರಗಿನಿಂದಲೇ.

ಬಾಗಿಲಿನ ಒಳಮೈಯ ಬಣ್ಣದ ಮೇಲೆ, ಎದೆಯೆತ್ತರದಲ್ಲಿ, ಮೊಣಕೈಯೆತ್ತರದಲ್ಲಿ, ಕೊನೆಗೆ ಮೊಣಕಾಲೆತ್ತರದಲ್ಲಿ ಗೀರುಗಳಿದ್ದವು. ಮೀಟಿದ, ಬಡಿದ, ಕೆರೆದ ಗೀರುಗಳು. ಕೆಳಗಿಳಿದಂತೆ ಅವು ಸಣ್ಣವಾಗಿದ್ದವು.

ಡಾಕ್ಟರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಚಳಿಯಲ್ಲಿದ್ದೆವು ಎಂದು ಬೂಟಿನ ಗೋಲಿಗಳು ಹೇಳಿದ್ದು ನಿಜ. ಆ ಬೂಟಿನೊಳಗಿನ ಕಾಲು ಸತ್ತಿತ್ತು ಎಂದು ಅವು ಹೇಳಿರಲಿಲ್ಲ. ಅದನ್ನು ಆಕೆಯೇ ಸೇರಿಸಿಕೊಂಡಿದ್ದಳು. ಶವಪರೀಕ್ಷೆಯ ಡಾಕ್ಟರು ತಪ್ಪಿರಲಿಲ್ಲ. ಅವನು ಸತ್ತದ್ದು ಶನಿವಾರ ರಾತ್ರಿಯೇ. ತಲೆಗೆ ಪೆಟ್ಟು ತಿಂದು ಒಳಗೆ ಬಿದ್ದವನು, ಒಂದು ರಾತ್ರಿ, ಒಂದು ಹಗಲು, ಇಲ್ಲಿ ಬದುಕಿದ್ದ.

ಆಕೆ ಮೇಷ್ಟ್ರ ಕಡೆ ತಿರುಗಿದಳು. ಕೈ ಮುಂದಾಯಿತು, ಇನ್ಸ್‌ಪೆಕ್ಟರ್ ನಡುವೆ ಬರದಿದ್ದರೆ ಅದು ಆ ಬಿಳಿ ಅಂಗಿಯ ಕೊರಳಪಟ್ಟಿಯನ್ನು ಹಿಡಿಯುತ್ತಿತ್ತು.

"ಬಿಡಿ ಡಾಕ್ಟರಮ್ಮಾ. ಇವರು ಎಲ್ಲೂ ಹೋಗಲ್ಲ. ನನಗೆ ಒಳಗೆ ಪೂರ್ತಿ ನೋಡ್ಬೇಕು."

ಕಪಾಟುಗಳ ತುಂಬ ಲಸಿಕೆಯ ಥರ್ಮಾಕೋಲ್ ಪೆಟ್ಟಿಗೆಗಳು. ಎಲ್ಲವುಗಳ ಹೆಸರಿನ ಚೀಟಿ ಹೊರಮುಖವಾಗಿತ್ತು. ಕೆಳಗಿನ ಸಾಲಿನ ಮೂಲೆಯದೊಂದು ಮಾತ್ರ ಗೋಡೆಗೆ ಒತ್ತಿ ತಿರುಗಿ ಕೂತಿತ್ತು. ಡಾಕ್ಟರಮ್ಮ ಮಂಡಿಯೂರಿ ಅದನ್ನು ಹೊರಕ್ಕೆಳೆದಳು.

ಗೋಡೆಯ ಕಡೆಗಿದ್ದ ಮೈಯ ಮೇಲೆ ಅಕ್ಷರಗಳಿದ್ದವು. ಪೆನ್ನಿನ ಮೊನೆಯಿಂದ ಕೊರೆದದ್ದು. ಶಾಯಿ ಚಳಿಗೆ ಹರಿಯದೆ ಬರೀ ಕುಳಿ ಬಿದ್ದಿತ್ತು. ಕೈ ನಡುಗಿ ಸಾಲು ಓರೆಯಾಗಿತ್ತು. ಆದರೂ ಸಾಲುಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿತ್ತು. ಎಣಿಕೆರಾಯನ ಬರಹವೇ.

"ಓದಿ," ಎಂದರು ಇನ್ಸ್‌ಪೆಕ್ಟರ್.

ಆಕೆ ಓದಿದಳು.

"ಒಂದು. ಚಿಕ್ಕಮ್ಮಾ, ಮೇಷ್ಟ್ರು ಶುಕ್ರವಾರ ಹೊರಗಿನಿಂದ ಬಾಗಿಲು ಹಾಕಿದರು. ಎರಡು. ಶನಿವಾರ ಬೆಳಗ್ಗೆ ಹನ್ನೊಂದು ಇಪ್ಪತ್ತು. ಬಾಗಿಲಾಚೆ ಶೆಡ್ಡಿನ ಅಣ್ಣ. ನಾನು ಕೂಗಿದ್ದು ಅವನಿಗೆ ಕೇಳಿಸಿತು. ಮೇಷ್ಟ್ರು ತೆಗೀಬೇಡ ಅಂದಿದ್ದಾರೆ, ತೆಗೆಯೋಕಾಗಲ್ಲ ಮಗಾ ಅಂದ. ಮೂರು. ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಅಣ್ಣ ಮತ್ತೆ ಬಂದ. ಅಳುತ್ತಿದ್ದ. ತೆಗೆಯಲಿಲ್ಲ."

ನಾಲ್ಕು ಎಂಬ ಅಂಕಿಯಿತ್ತು. ಅದರ ಮುಂದೆ ಏನೂ ಇರಲಿಲ್ಲ. ಭಾನುವಾರ ಐದಕ್ಕೆ ಬಾಗಿಲು ತೆಗೆದು ಹೆಣ ಸಾಗಿಸಿದವನು ಯಾರೆಂದು ಇನ್ನು ಹುಡುಕಬೇಕಿರಲಿಲ್ಲ.

ಇನ್ಸ್‌ಪೆಕ್ಟರ್ ಆಗಲೇ ಸ್ಟೇಷನ್ನಿಗೆ ಫೋನು ಹಚ್ಚಿದ್ದರು. ಆ ಸಣ್ಣ ಉಕ್ಕಿನ ಕೋಣೆಯಲ್ಲಿ ಆ ಕಡೆಯ ಪೇದೆಯ ದನಿ ಎಲ್ಲರಿಗೂ ಕೇಳಿಸಿತು.

"ಅವನಾ ಸರ್? ಬಹಳ ಹೊತ್ತು ಬೆಂಚಿನ ಮೇಲೇ ಕೂತಿದ್ದ. ಹೋಗು ಅಂದ್ರೂ ಹೋಗ್ಲಿಲ್ಲ. ಆಮೇಲೆ ಸತ್ತ ಹುಡುಗನ ತಾಯಿನೇ ಬಂದ್ರು ಸರ್. ‘ಮೂರು ದಿನದಿಂದ ಊಟ ಮಾಡಿಲ್ಲ ನೀನು, ಬಾ’ ಅಂತ ಕೈ ಹಿಡಿದು ತಮ್ಮ ಮನೆಗೇ ಕರ್ಕೊಂಡು ಹೋದ್ರು."